ರ‍್ಯಾಂಬೊ ಕ್ಯಾಸೆಟ್ ವಾಪಸಾತಿ: ಮೂರನೆಯ ಮತ್ತು ಕೊನೆಯ ಪತ್ರ

ದಾವಣಗೆರೆ
ಮಾರ್ಚ್ 28

ಇವರಿಗೆ,
ಕುಂದುಕೊರತೆ ಅಧಿಕಾರಿಗಳು
(ಹಳೆಯ ವಿಡಿಯೊ ಗೇಮ್ ಮಾರುವ ನಿಮ್ಮ ಆನ್‌ಲೈನ್ ಮಳಿಗೆಯಲ್ಲಿ ಅಂಥವರೊಬ್ಬರು ಇದ್ದರೆ)

ಮಾನ್ಯರೇ,

ಮಾರ್ಚ್ 8ರಂದು ನಿಮ್ಮಿಂದ ಬಂದ ರ‍್ಯಾಂಬೊ ವಿಡಿಯೊ ಗೇಮ್ ಕ್ಯಾಸೆಟ್ಟನ್ನು ವಾಪಸ್ ತೆಗೆದುಕೊಂಡು ನನ್ನ 4,650 ರೂಪಾಯಿ ಕೊಡಿ ಎಂದು ಎರಡು ಇಮೇಲ್ ಬರೆದಿದ್ದೇನೆ, ನಾಲ್ಕು ಸಲ ಫೋನ್ ಮಾಡಿದ್ದೇನೆ. ನಾಲ್ಕೂ ಸಲ ಸೌಜನ್ಯದಿಂದಲೇ ಮಾತನಾಡಿದ್ದೇನೆ. ಸಂದೇಹವಿದ್ದರೆ ರೆಕಾರ್ಡಿಂಗ್ ಕೇಳಿ. ಗುಣಮಟ್ಟಕ್ಕಾಗಿ ಕರೆಯನ್ನು ದಾಖಲಿಸುತ್ತಿದ್ದೇವೆ ಎಂದು ಪ್ರತಿ ಸಲವೂ ಹೇಳಿದ್ದೀರಿ. ಯಾವ ಗುಣಮಟ್ಟ ಎಂದು ನಾನು ಕೇಳಲಿಲ್ಲ. ಮೊನ್ನೆ ಗುರುವಾರದ ಕರೆಯೊಂದಿಗೆ ಆ ಸೌಜನ್ಯದ ದಾಸ್ತಾನು ಮುಗಿದಿದೆ.

ಮೊದಲು ಸರಕಿನ ಮಾತು. 1985ರ ರ‍್ಯಾಂಬೊ ಸಿನಿಮಾವನ್ನು ಆಧರಿಸಿ ಟಿವಿಗೆ ಜೋಡಿಸಿ ಆಡುವ ನಿಂಟೆಂಡೊ ಸೆಟ್ಟಿಗೆ ಮಾಡಿದ ಆಟ ಇದು. ಅಮೆರಿಕದಲ್ಲಿ 1988ರಲ್ಲಿ ಬಂದದ್ದು. ನಿಮ್ಮ ಪುಟದಲ್ಲಿ ಹೀಗೆ ಬರೆದಿದೆ: 'ಇಬ್ಬರು ಸೇರಿ ಆಡಬಹುದು. ಮೊದಲ ನಿಮಿಷದಿಂದಲೇ ಮೆಷಿನ್ ಗನ್ನಿನ ಸುರಿಮಳೆ.' ಸ್ವಾಮಿ, ಇದು ಕಾಂಟ್ರಾ ಎಂಬ ಬೇರೆಯೇ ಆಟದ ವಿವರಣೆ. ಕಾಂಟ್ರಾದ ಡಬ್ಬಿಯ ಮೇಲಿನ ಇಬ್ಬರಲ್ಲಿ ಒಬ್ಬನ ಮುಖ ಸಿನಿಮಾದ ರ‍್ಯಾಂಬೊ ಆದ ನಟ ಸ್ಟಲೋನ್ ಮುಖದ ಹಾಗೆಯೇ ಇದೆ ಎಂಬುದನ್ನು ಒಪ್ಪುತ್ತೇನೆ. ನಮ್ಮ ಬೀದಿಯ ಹುಡುಗರೂ '9999 ಆಟಗಳ' ಕ್ಯಾಸೆಟ್ಟಿನಲ್ಲಿ ಅದನ್ನೇ ರ‍್ಯಾಂಬೊ ಎಂದು ಕರೆಯುತ್ತಿದ್ದೆವು. ಆದರೆ ಆಗ ನಮಗೆ ಹತ್ತು ವರ್ಷ. ನಿಮಗೆ ಜಿಎಸ್‌ಟಿ ಸಂಖ್ಯೆ ಇದೆ.

ಈ ಆಟದಲ್ಲಿ ಎರಡನೆಯ ಆಟಗಾರನೇ ಇಲ್ಲ. ಮೊದಲ ದೃಶ್ಯದಲ್ಲಿ ಕರ್ನಲ್ ಟ್ರಾಟ್‌ಮನ್ ಬಂದು ಕಾರ್ಯಾಚರಣೆಗೆ ಹೋಗುತ್ತೀಯಾ ಎಂದು ರ‍್ಯಾಂಬೊನನ್ನು ಕೇಳುತ್ತಾನೆ. ಹೌದು ಅಥವಾ ಇಲ್ಲ ಎನ್ನಬಹುದು. ಇಲ್ಲ ಎಂದರೆ, ಹೌದು ಎನ್ನುವ ತನಕ ಆಟ ಶುರುವಾಗುವುದಿಲ್ಲ ಎಂಬ ಉತ್ತರ ಬರುತ್ತದೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಹೌದು ಎಂದ ಮೇಲೆ ಕೈಗೆ ಸಿಗುವುದು ಒಂದು ಚೂರಿ. ವೈರಿ ಯಾರು? ಜೇಡ. ಆಮೇಲೆ ಹಾವು. ಆಮೇಲೆ ಹಕ್ಕಿ. ಸಿನಿಮಾದಲ್ಲಿ ಸೋವಿಯತ್ ಸೈನಿಕರನ್ನು ಒಂಟಿಯಾಗಿ ಎದುರಿಸಿದ ಮನುಷ್ಯ ಇಲ್ಲಿ ಅಡಿಕೆ ತೋಟದ ಕೂಲಿಯವನಂತೆ ಹುಳಹುಪ್ಪಟೆ ಸವರುತ್ತ ನಡೆಯುತ್ತಾನೆ. ದಾರಿಯಲ್ಲಿ ಅಲ್ಲಲ್ಲಿ ಎನ್, ಎಸ್ ಎಂಬ ಗುರುತುಗಳಿವೆ. ಅಲ್ಲಿ ಒಳಗೆ ಹೋದರೆ ಬೇರೊಂದು ಕಾಡು, ಆ ಕಾಡಿನಲ್ಲಿ ಇನ್ನೊಂದು ಎಸ್. ನಿಲ್ಲಿಸಿ ಊಟಕ್ಕೆ ಎದ್ದರೆ, ಮತ್ತೆ ಅಲ್ಲಿಂದಲೇ ಆಡಲು 32 ಅಕ್ಷರಗಳ ಪಾಸ್‌ವರ್ಡ್ ಬರೆದುಕೊಳ್ಳಬೇಕು, ಅದೂ ದೊಡ್ಡಕ್ಷರ ಚಿಕ್ಕಕ್ಷರ ತಪ್ಪದೆ. ನನ್ನ ಬ್ಯಾಂಕ್ ಖಾತೆಯ ಸಂಖ್ಯೆ, ಐಎಫ್‌ಎಸ್‌ಸಿ ಕೋಡ್ ಎರಡನ್ನೂ ಕೂಡಿಸಿದರೂ 32 ಆಗುವುದಿಲ್ಲ. ಆಟದ ಕೊನೆಯನ್ನು ಮಗಳು ಯೂಟ್ಯೂಬಿನಲ್ಲಿ ತೋರಿಸಿದಳು: ತನಗೆ ದ್ರೋಹ ಮಾಡಿದ ಅಧಿಕಾರಿಯ ಮೇಲೆ ರ‍್ಯಾಂಬೊ 'ಕೋಪ' ಎಂಬ ಅರ್ಥದ ಜಪಾನಿ ಅಕ್ಷರವನ್ನು ಎಸೆಯುತ್ತಾನೆ, ಅವನು ಕಪ್ಪೆಯಾಗುತ್ತಾನೆ. ಕಳೆದ ಎರಡು ವಾರಗಳಿಂದ ಆ ಅಕ್ಷರದ ಮೇಲೆ ನನಗೆ ಗೌರವ ಹೆಚ್ಚಿದೆ.

ಆಟ ಕೆಟ್ಟದ್ದು ಎಂಬುದು ನನ್ನ ದೂರಲ್ಲ. ಅದನ್ನು ಮಾಡಿದವರು ಬೇರೆ. ಇಲ್ಲದ್ದನ್ನು ಬರೆದು ಮಾರಿದವರು ನೀವು.

ಈಗ ಗುರುವಾರದ ಕರೆ. ಸಂಜೆ 6.10ಕ್ಕೆ ಮಾಡಿದೆ. ಕನ್ನಡಕ್ಕೆ 2 ಒತ್ತಿ ಎಂದರು, ಒತ್ತಿದೆ, ಹಿಂದಿ ಬಂತು. ಮತ್ತೆ ಮಾಡಿದೆ. 22 ನಿಮಿಷ ಸಂಗೀತ ಕೇಳಿಸಿದಿರಿ. ಅಷ್ಟು ಹೊತ್ತು ಕಿವಿಗೆ ಹಿಡಿಯಲಾರದೆ ಫೋನನ್ನು ಸ್ಪೀಕರಿಗೆ ಹಾಕಿ ಟೀಪಾಯಿಯ ಮೇಲಿಟ್ಟೆ. ಅದೇ ನನ್ನ ತಪ್ಪು. ಅಂದು ಚಿತ್ರದುರ್ಗದಿಂದ ನನ್ನ ಷಡ್ಡಕರು ಸಂಸಾರ ಸಮೇತ ಬಂದು ಎದುರಿಗೇ ಕುಳಿತು ಮಂಡಕ್ಕಿ ತಿನ್ನುತ್ತಿದ್ದರು.

ನಿಮ್ಮ ಪ್ರತಿನಿಧಿ ಮೊದಲು ಕೇಳಿದ್ದು, "ಕ್ಯಾಸೆಟ್ಟನ್ನು ಊದಿ ಹಾಕಿದಿರಾ ಸರ್?" ಊದಿದ್ದೇನೆ ಎಂದೆ. "ಇನ್ನೊಮ್ಮೆ ಊದಿ ಸರ್, ನಾನು ಲೈನಿನಲ್ಲಿರುತ್ತೇನೆ." ಊದಿದೆ. ನಲವತ್ತೇಳು ವರ್ಷದ ನಾನು, ಷಡ್ಡಕರ ಎದುರಿಗೆ, ಕ್ಯಾಸೆಟ್ಟಿನ ಬಾಯಿಗೆ ಬಾಯಿಟ್ಟು ಊದಿದೆ. "ಆಟ ಚಾಲೂ ಆಗುತ್ತಿದೆಯೇ?" ಆಗುತ್ತದೆ, ಆದರೆ ನಿಮ್ಮ ಪುಟದಲ್ಲಿ ಬರೆದಂತೆ... ಎಂದು ಶುರು ಮಾಡಿದೆ. "ಹೌದು ಅಥವಾ ಇಲ್ಲ ಅಂತ ಹೇಳಿ ಸರ್." ಹೌದು, ಆದರೆ... "ಹೌದು ಅಥವಾ ಇಲ್ಲ, ಅಷ್ಟೇ ಸರ್. ಇಲ್ಲದಿದ್ದರೆ ಸಿಸ್ಟಂ ಮುಂದಕ್ಕೆ ಹೋಗುವುದಿಲ್ಲ." ಹೌದು ಎಂದೆ. "ಸರಕಿನಲ್ಲಿ ದೋಷವಿಲ್ಲ ಎಂದು ಬರೆದುಕೊಂಡಿದ್ದೇನೆ ಸರ್. ಮನೆಯಲ್ಲಿ ಚಿಕ್ಕವರು ಯಾರಾದರೂ ಇದ್ದರೆ ಕೊಡಿ."

ಮಗಳು ಬಂದಳು. ಏಳನೆಯ ತರಗತಿ, ಸುಳ್ಳು ಹೇಳಿ ಅಭ್ಯಾಸವಿಲ್ಲ. "ಅಪ್ಪ ಹೇಗೆ ಆಡುತ್ತಾರೆ ಪುಟ್ಟಾ?" ಎಂದು ಕೇಳಿದರು. "ಮೂರನೆಯ ಜೇಡದ ಹತ್ತಿರ ಸಾಯುತ್ತಾರೆ" ಎಂದಳು. ಷಡ್ಡಕರಿಗೆ ಮಂಡಕ್ಕಿ ನೆತ್ತಿಗೆ ಹತ್ತಿತು. ಹದಿನೈದು ನಿಮಿಷದಲ್ಲಿ ನಿಮ್ಮ ಇಮೇಲ್ ಬಂತು: ದೂರು ಮುಕ್ತಾಯ; ಕಾರಣ, ಗ್ರಾಹಕರ ಕೌಶಲದ ಕೊರತೆ.

ನಿಯಮಗಳನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಜಾಹೀರಾತಿನಲ್ಲಿ ಹೇಳಿದ ಲಕ್ಷಣಗಳು ಸರಕಿನಲ್ಲಿ ಇಲ್ಲದಿದ್ದರೆ ಮಾರಾಟಗಾರ ಅದನ್ನು ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ ಎಂದು ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020 ಹೇಳುತ್ತವೆ. ದೂರು ತಲುಪಿದೆ ಎಂದು 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ನನ್ನ ಮೊದಲ ಇಮೇಲ್ ಮಾರ್ಚ್ 9ರದು. 48 ಗಂಟೆ ಯಾವಾಗಲೋ ಕಳೆಯಿತು, ತಿಂಗಳು ಏಪ್ರಿಲ್ 9ಕ್ಕೆ ತುಂಬುತ್ತದೆ.

ನಿಜ ಹೇಳುವುದಾದರೆ, ನೀವು ಅಷ್ಟರೊಳಗೆ ಹಣ ಕೊಟ್ಟುಬಿಡುತ್ತೀರೇನೋ ಎಂಬುದೇ ಈಗ ನನ್ನ ಆತಂಕ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ, ನಾನಿರುವ ಊರಿನಲ್ಲೇ ದೂರು ಹೂಡಬಹುದು, ವಕೀಲರೂ ಬೇಕಿಲ್ಲ. ಏಪ್ರಿಲ್ 10ರ ಬೆಳಿಗ್ಗೆ ಅರ್ಜಿ ಹಾಕುತ್ತೇನೆ. ಅಮೆರಿಕದಿಂದ ಚಿಕ್ಕಪ್ಪ ತಂದುಕೊಟ್ಟ ಸೆಟ್ಟು, ಅದಕ್ಕೆ 110 ವೋಲ್ಟ್ ಕೊಡುವ ಮೂರು ಕಿಲೋ ಟ್ರಾನ್ಸ್‌ಫಾರ್ಮರ್, ಹಳೆಯ ಟಿವಿ, ಎಲ್ಲವನ್ನೂ ಆಟೊದಲ್ಲಿ ಹೇರಿಕೊಂಡು ಹೋಗಿ ಆಯೋಗದ ಮುಂದೆ ಪ್ರಾತ್ಯಕ್ಷಿಕೆಗೆ ಅನುಮತಿ ಕೇಳುತ್ತೇನೆ. ಷಡ್ಡಕರು ಸಾಕ್ಷಿ ಹೇಳಲು ಒಪ್ಪಿದ್ದಾರೆ, ಅದಕ್ಕೆಂದೇ ರಜೆಯನ್ನೂ ಉಳಿಸಿಕೊಂಡಿದ್ದಾರೆ. ಕೌಶಲವುಳ್ಳ ನಿಮ್ಮ ಪ್ರತಿನಿಧಿಯನ್ನು ದಯವಿಟ್ಟು ಕಳುಹಿಸಿ. ಎರಡನೆಯ ಕಂಟ್ರೋಲರ್ ಅವರ ಕೈಗೆ ಕೊಡುತ್ತೇನೆ. ಇಬ್ಬರು ಸೇರಿ ಆಡಬಹುದು ಎಂದು ಬರೆದವರು ನೀವು, ಆಡಿ ತೋರಿಸಲಿ.

ಇಂತಿ,
ನಿಮ್ಮ ದಾಖಲೆಯಲ್ಲಿ ಕೌಶಲವಿಲ್ಲದ ಗ್ರಾಹಕ

ಲಗತ್ತು: ಬಿಲ್ಲಿನ ಪ್ರತಿ, ನಿಮ್ಮ ಪುಟದ ಸ್ಕ್ರೀನ್‌ಶಾಟ್ (ತಿದ್ದಲು ಹೋಗಬೇಡಿ, ದಿನಾಂಕ ಸಹಿತ ಇದೆ), 32 ಅಕ್ಷರಗಳ ಪಾಸ್‌ವರ್ಡ್ ಬರೆದ ಚೀಟಿ