ನಾಲ್ಕೂವರೆಯ ಆಫೀಸಿಗೆ ಒಂದು ವರ್ಷ

ಕಾಫಿ ಕ್ಯೂರಿಂಗಿನ (ಒಣಗಿದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ಹಸನು ಮಾಡುವ ಕಾರ್ಖಾನೆ) ಅಕೌಂಟ್ಸ್ ಕೆಲಸ ಬಿಟ್ಟು ಮೊನ್ನೆ ಗುರುವಾರಕ್ಕೆ ಒಂದು ವರ್ಷವಾಯಿತು. 'ನಿಂಗೆ ಧೈರ್ಯ ಜಾಸ್ತಿ ಕಣೇ' ಅಂತ ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ಸಿಕ್ಕವರೆಲ್ಲ ಹೇಳುತ್ತಾರೆ. ನನಗೆ ಅಷ್ಟೊಂದು ಧೈರ್ಯ ಇರಲಿಲ್ಲ. ಅದನ್ನು ಯಾರ್ಯಾರ ಹತ್ತಿರ ಕಡ ತಂದೆ ಅಂತ ಇಲ್ಲಿ ಬರೆದಿಡುತ್ತೇನೆ.

11 ವರ್ಷ ನಾನು ಬರೆದದ್ದು ಓಟಿ ಲೆಕ್ಕ. 50 ಕೆಜಿ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಚೀಲದಿಂದ ಎಷ್ಟು ಕೆಜಿ ಬೀಜ ಬಂತು ಅನ್ನೋದೇ ಓಟಿ. ಅರ್ಧ ಕೆಜಿ ಆಚೀಚೆ ಆದರೂ ಬೆಳೆಗಾರರು ಟೇಬಲ್ ಮುಂದೆ ನಿಲ್ಲುತ್ತಿದ್ದರು. ಕೊನೆಯ ಎರಡು ವರ್ಷ ಬೆಳಗಿನ ಜಾವ ಮೆಲ್ಬರ್ನಿನ ಒಂದು ಪುಟ್ಟ ಆಫೀಸಿಗೂ ಲೆಕ್ಕ ಬರೆಯುತ್ತಿದ್ದೆ. ಅವರ ಗಿರಾಕಿಗಳೆಲ್ಲ ಕೆಫೆಯವರು. ಇಲ್ಲಿ ಚೀಲದ ಲೆಕ್ಕ, ಅಲ್ಲಿ ಕಪ್ಪಿನ ಲೆಕ್ಕ! ಪೂರ್ತಿ ದಿನ ನಮಗೇ ಮಾಡಿಕೊಡ್ತೀರಾ ಅಂತ ಅವರು ಕೇಳಿದಾಗ ಒಂದು ವಾರ ನಿದ್ದೆ ಬರಲಿಲ್ಲ.

ಮೊದಲ ಕೃತಜ್ಞತೆ ನಮ್ಮ ಸಾಹುಕಾರರಿಗೆ. ರಾಜೀನಾಮೆ ಕೊಟ್ಟರೆ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು, 'ಎಲ್ಲಿ, ಆ ಮೆಲ್ಬರ್ನಿನವರ ಕರಾರು ಪತ್ರ ತೋರ್ಸಮ್ಮ' ಅಂದರು. ಎರಡು ಪುಟ ಓದಿ, 'ನೀನು ಬೇಡ ಅಂತಾದ್ರೆ ಎಷ್ಟು ದಿನ ಮುಂಚೆ ಹೇಳ್ಬೇಕು ಅಂತ ಇದ್ರಲ್ಲಿ ಎಲ್ಲಿದೆ?' ಎಲ್ಲೂ ಇರಲಿಲ್ಲ. ಇಷ್ಟು ವರ್ಷ ಬೇರೆಯವರ ಕಾಗದ ನೋಡಿದವಳು ನನ್ನದನ್ನೇ ನೋಡಿರಲಿಲ್ಲ. 60 ದಿನದ ನೋಟಿಸ್ ಅಂತ ಸೇರಿಸಿಕೊಂಡ ಮೇಲೇ ಅವರು ರಾಜೀನಾಮೆಗೆ ಸಹಿ ಹಾಕಿದ್ದು. ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಸಿಗುವ ಹಣ) ಲೆಕ್ಕವನ್ನು ನನ್ನ ಕೈಲೇ ಹಾಕಿಸಿದರು: ಕೊನೆಯ ಮೂಲ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ 11ರಿಂದ. ಕ್ಯಾಲ್ಕುಲೇಟರ್ ಒತ್ತುವಾಗ ಬೆರಳು ನಡುಗಿ ಎರಡು ಸಲ ತಪ್ಪಿತು. ಅವರು ಸುಮ್ನೆ ಕಿಟಕಿ ಕಡೆ ನೋಡುತ್ತಾ ಕೂತಿದ್ದರು.

ಎರಡನೇ ತಿಂಗಳ ದುಡ್ಡು ಬ್ಯಾಂಕಿನಲ್ಲಿ 19 ದಿನ ಸಿಕ್ಕಿಹಾಕಿಕೊಂಡಿತು. ಹೊರದೇಶದ ಹಣ ಯಾತಕ್ಕೆ ಬಂತು ಅಂತ ತೋರಿಸೋ ಪರ್ಪಸ್ ಕೋಡ್ ತಪ್ಪಾಗಿತ್ತಂತೆ. ಅಷ್ಟು ದಿನ ಯಾರೂ ಹೇಳಲಿಲ್ಲ, ಅದಕ್ಕೆ ನನಗೆ ಇನ್ನೂ ಸಿಟ್ಟಿದೆ. ಆ ತಿಂಗಳು ಮನೆ ನಡೆಸಿದ್ದು ನಮ್ಮವರ ಸಂಬಳ. ಒಂದು ಮಾತೂ ಆಡಲಿಲ್ಲ. ಜುಲೈ ಮಳೆಯಲ್ಲಿ ಕರೆಂಟ್ ಹೋದಾಗಲೆಲ್ಲ ತಮ್ಮ ಇನ್ವರ್ಟರಿನಿಂದ ನನಗೊಂದು ವೈರ್ ಎಳೆದುಕೊಟ್ಟ ಪಕ್ಕದ ಮನೆಯ ಅಣ್ಣ, ಅತ್ತಿಗೆಗೂ ಋಣಿ. ಆಸ್ಟ್ರೇಲಿಯಾದ ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ನಮ್ಮ ಮಳೆಗೂ ಅವರ ಲೆಕ್ಕಕ್ಕೂ ಒಟ್ಟಿಗೇ ಜೋರು.

ಇನ್ನು ನಮ್ಮತ್ತೆ. 'ಮುಖ ನೋಡದವರನ್ನ ನಂಬಿ ಇರೋ ಕೆಲಸ ಬಿಡ್ತಾರಾ?' ಅಂತ ಮೂರು ದಿನ ಮಾತು ಬಿಟ್ಟಿದ್ದರು. ಮೆಲ್ಬರ್ನಿನಲ್ಲಿ 9 ಗಂಟೆ ಅಂದರೆ ಇಲ್ಲಿ ನಾಲ್ಕೂವರೆ. ಕೆಲಸ ಬಿಟ್ಟ ಮಾರನೇ ದಿನ ನಾನು ಎದ್ದು ಅಡುಗೆಮನೆಗೆ ಹೋದರೆ ಡಿಕಾಕ್ಷನ್ ಇಳಿದಿತ್ತು. ರಾತ್ರಿಯೇ ಫಿಲ್ಟರಿಗೆ ಪುಡಿ ಹಾಕಿ, ಮಲಗುವಾಗ ಬಿಸಿನೀರು ಸುರಿದಿದ್ದರು. ಒಂದು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ. ಹಾಲು ಕಾಯಿಸೋಕೆ ಅವರೇ ಎದ್ದು ಬರುತ್ತಾರೆ, ಲೋಟ ಕೊಟ್ಟು ಮತ್ತೆ ಹೋಗಿ ಮಲಗುತ್ತಾರೆ.

ಅಕ್ಟೋಬರಿನ ಮೊದಲ ಭಾನುವಾರ ಮೆಲ್ಬರ್ನಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಮತ್ತೆ ಏಪ್ರಿಲ್‌ವರೆಗೆ ಮೂರೂವರೆಗೇ ನನ್ನ ಆಫೀಸು. ಅತ್ತೆಗೆ ಇನ್ನೂ ನೆನಪು ಮಾಡಿಲ್ಲ.