ಬ್ರಿಟನ್ನಿನ ಪಾರ್ಕಿಂಗ್ ಪತ್ರಗಳು ಮತ್ತು ನಮ್ಮ ಮನೆಗಳ ಗಾಬರಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡದ ಮಕ್ಕಳು ಓದಿಗೋ ನೌಕರಿಗೋ ಬ್ರಿಟನ್ನಿಗೆ ಹೋಗುವುದು ಈಗ ಹೊಸ ಸುದ್ದಿಯಲ್ಲ. ಹೋದವರು ವರ್ಷದೊಳಗೆ ಒಂದು ಹಳೆಯ ಕಾರು ಕೊಳ್ಳುತ್ತಾರೆ. ಕಾರು ಬಂದ ಬೆನ್ನಿಗೇ ಅನೇಕರ ಬಾಗಿಲಿಗೆ ಖಾಸಗಿ ಪಾರ್ಕಿಂಗ್ ಕಂಪನಿಯ ನೋಟಿಸು, ಅದರ ಹಿಂದೆ ಸಾಲ ವಸೂಲಿ ಸಂಸ್ಥೆಯ ಪತ್ರಗಳು ಬರುತ್ತವೆ. ಅವುಗಳ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಇಲ್ಲಿಯ ತಂದೆ-ತಾಯಿಗೆ ಮುಟ್ಟಿದಾಗ ಮನೆಯಲ್ಲಿ ಏಳುವ ಗಾಬರಿಯ ಬಗ್ಗೆಯೂ, ಆ ಗಾಬರಿಯಲ್ಲಿ ನಾವು ಹಿರಿಯರು ಕೊಡುವ ತಪ್ಪು ಸಲಹೆಗಳ ಬಗ್ಗೆಯೂ ನಿಮ್ಮ ಪತ್ರಿಕೆಯ ಮೂಲಕ ನಾಲ್ಕು ಮಾತು ಹೇಳಬಯಸುತ್ತೇನೆ. ನಾನು ಧಾರವಾಡದ ನ್ಯಾಯಾಲಯದಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ಇಂಗ್ಲೆಂಡಿನ ಈ ಕಾಯ್ದೆಗಳನ್ನು ಓದಿದ್ದು ಮಗಳ ದೆಸೆಯಿಂದ, ಅದೂ ನಿವೃತ್ತಿಯ ನಂತರ.

ನನ್ನ ಮಗಳು ರೆಡಿಂಗ್ ಊರಿನಲ್ಲಿದ್ದಾಳೆ. ಒಂದು ಭಾನುವಾರ ದೊಡ್ಡ ಅಂಗಡಿಗಳ ಆವರಣದಲ್ಲಿ ಕಾರು ನಿಲ್ಲಿಸಿದ್ದಳು. ಅಲ್ಲಿ 2 ತಾಸು ಪುಕ್ಕಟೆ, ಕೂಸಿಗೆ ಉಣಿಸಿ ಮಲಗಿಸಿ ಹೊರಡುವಷ್ಟರಲ್ಲಿ 2 ತಾಸು 40 ನಿಮಿಷವಾಗಿತ್ತು. ಒಳಗೆ ಬರುವಾಗ ಒಂದು ಕ್ಯಾಮೆರಾ, ಹೊರಗೆ ಹೋಗುವಾಗ ಇನ್ನೊಂದು ಕ್ಯಾಮೆರಾ ಕಾರಿನ ನಂಬರು ಹಿಡಿದಿದ್ದವು. ಆದರೆ ಮನೆ ಬದಲಿಸಿದ ಮೇಲೆ ಕಾರಿನ ನೋಂದಣಿ ಪುಸ್ತಕದಲ್ಲಿ ಆಕೆ ವಿಳಾಸ ತಿದ್ದಿಸಿರಲಿಲ್ಲವಾದ್ದರಿಂದ ಮೊದಲ ನೋಟಿಸು ಹಳೆಯ ಮನೆಗೆ ಹೋಗಿ ಅಲ್ಲಿಯೇ ಕುಳಿತಿತು. ಆಕೆಯ ಕೈಗೆ ಬಂದದ್ದು ನಾಲ್ಕು ತಿಂಗಳ ನಂತರ, ವಸೂಲಿ ಸಂಸ್ಥೆಯ ಮೂರನೆಯ ಪತ್ರ. 100 ಪೌಂಡಿದ್ದದ್ದು 170 ಪೌಂಡಾಗಿತ್ತು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 20 ಸಾವಿರ ರೂಪಾಯಿ.

ಆ ಫೋಟೊ ಬಂದಾಗ ರಾತ್ರಿ ಹನ್ನೊಂದು ದಾಟಿತ್ತು. ತಲೆಬರಹ ಕೆಂಪು ಅಕ್ಷರದಲ್ಲಿ, ಮೊತ್ತ ದಪ್ಪಕ್ಷರದಲ್ಲಿ, ನಡುವೆ ಎರಡು ಕಡೆ ಬೇಲಿಫ್, ಅಂದರೆ ಜಪ್ತಿಗೆ ಬರುವ ಅಧಿಕಾರಿ, ಎಂಬ ಪದ. ನನ್ನ ಶ್ರೀಮತಿಯವರು ಅದನ್ನು ನೋಡಿ, “ಎಷ್ಟರ ಆಗಲಿ, ಮುಂಜಾನೆ ಎದ್ದ ಕೂಡ್ಲೆ ರೊಕ್ಕ ಕಳಿಸಿಬಿಡ್ರಿ, ಆಕೀ ಮನಿ ಮುಂದ ಮಂದಿ ಬಂದು ನಿಂದ್ರಬಾರದು” ಎಂದರು. ಈ ಮಾತನ್ನು ನಾನು ನಗೆಯಾಡಲಾರೆ. ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮೈಕ್ರೊ ಫೈನಾನ್ಸ್ ವಸೂಲಿಗಾರರು ಬಾಗಿಲ ಮುಂದೆ ಕುಳಿತು ಮನೆಯ ಮಾನ ತೆಗೆಯುವುದನ್ನು ನಾವು ಕಂಡಿದ್ದೇವೆ. ಆ ಕಾಟ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ವಸೂಲಿ ಎಂಬ ಪದ ಕೇಳಿದರೆ ನಮ್ಮ ಭಾಗದ ಹೆಣ್ಣುಮಕ್ಕಳ ಎದೆ ನಡುಗುವುದಕ್ಕೆ ಕಾರಣವಿದೆ. ಅಳಿಯನ ಗೆಳೆಯರ ಸಲಹೆ ಇದಕ್ಕೆ ತೀರ ಉಲ್ಟಾ: ಇವೆಲ್ಲ ಬೆದರಿಕೆ ಕಾಗದಗಳು, ಒಡೆದು ಸಹ ನೋಡಬೇಡಿ, ಕಸದ ಡಬ್ಬಿಗೆ ಹಾಕಿ. ಈ ಎರಡೂ ಸಲಹೆ ತಪ್ಪು ಎಂಬುದು, ಮತ್ತು ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ತುಟ್ಟಿಯಾಗಬಹುದು ಎಂಬುದು ನನಗೆ ಆಮೇಲೆ ತಿಳಿಯಿತು.

ಮರುದಿನ ಬೆಳಕಿನಲ್ಲಿ ಕನ್ನಡಕ ಹಾಕಿಕೊಂಡು ಆ ಪತ್ರವನ್ನು ಹಳೆಯ ಅಭ್ಯಾಸದಂತೆ ಸಾಲು ಸಾಲಾಗಿ ಓದಿದೆ. ಒಂದೇ ಪುಟದಲ್ಲಿ ಒಂಬತ್ತು ವಾಕ್ಯಗಳು ‘ಬಹುದು’ ಎಂಬ ಅರ್ಥದಲ್ಲಿಯೇ ಮುಗಿದಿದ್ದವು. ದಾವೆ ಹೂಡಬಹುದು, ತೀರ್ಪು ಬರಬಹುದು, ತೀರ್ಪಿನಂತೆ ಹಣ ಕಟ್ಟದಿದ್ದರೆ ಬೇಲಿಫ್ ಬರಬಹುದು, ಮುಂದೆ ಸಾಲ ಸಿಗುವುದು ಕಷ್ಟವಾಗಬಹುದು. ಕೇಸ್ ನಂಬರಿಲ್ಲ, ನ್ಯಾಯಾಲಯದ ಹೆಸರಿಲ್ಲ, ಮೊಹರಿಲ್ಲ. ಸಮನ್ಸು ‘ಬಹುದು’ ಎನ್ನುವುದಿಲ್ಲ. ಇಂಥ ದಿನದೊಳಗೆ ಹಾಜರಾಗತಕ್ಕದ್ದು ಎನ್ನುತ್ತದೆ. ಊರು ಯಾವುದಾದರೂ ಈ ವ್ಯತ್ಯಾಸ ಒಂದೇ ಎಂದು ಆಗ ಧೈರ್ಯ ಬಂತು. ಅಲ್ಲಿಯ ವಸೂಲಿ ಸಂಸ್ಥೆಗೆ ಮನೆಯೊಳಗೆ ಕಾಲಿಡುವ, ಸಾಮಾನು ಜಪ್ತಿ ಮಾಡುವ ಅಧಿಕಾರ ಇಲ್ಲವೇ ಇಲ್ಲ. ಅದು ಪತ್ರ ಬರೆಯಬಲ್ಲದು, ಫೋನು ಮಾಡಬಲ್ಲದು, ಅಷ್ಟೇ. ಬೇಲಿಫ್ ಬರಬೇಕಾದರೆ ಮೊದಲು ದಾವೆಯಾಗಬೇಕು, ಕೌಂಟಿ ಕೋರ್ಟ್ ಎಂಬ ಅಲ್ಲಿಯ ದಿವಾಣಿ ನ್ಯಾಯಾಲಯದ ತೀರ್ಪಾಗಬೇಕು, ಆ ತೀರ್ಪಿನ ಹಣ ಬಾಕಿ ಉಳಿಯಬೇಕು. ಇದು ಒಪ್ಪಂದಕ್ಕೆ ಸಂಬಂಧಿಸಿದ ದಿವಾಣಿ ವ್ಯವಹಾರವಾದ್ದರಿಂದ ಪೊಲೀಸರ ಮಾತೂ ಏಳುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಅಲ್ಲಿಯ ನಗರಸಭೆ ಕೊಡುವ ದಂಡದ ನೋಟಿಸಿಗೂ ಖಾಸಗಿ ಕಂಪನಿ ಕೊಡುವ ನೋಟಿಸಿಗೂ ಪಿಸಿಎನ್ ಎಂಬ ಒಂದೇ ಸಂಕ್ಷಿಪ್ತ ಹೆಸರು, ನೋಡುವುದಕ್ಕೂ ಹೆಚ್ಚು ಕಡಿಮೆ ಒಂದೇ ಥರ; ಕಂಪನಿಗಳು ಅದನ್ನು ಹಾಗೆಯೇ ಮುದ್ರಿಸುವುದರ ಹಿಂದೆ ಜಾಣತನವಿದೆ ಎಂದು ನನ್ನ ಗುಮಾನಿ. ನಗರಸಭೆಯದು ‘ಪೆನಾಲ್ಟಿ’, ಅದಕ್ಕೆ ಶಾಸನದ ಬಲವಿದೆ, ಅದನ್ನು ಕಡೆಗಣಿಸಿದರೆ ಸಾಮಾನ್ಯ ದಾವೆಯಿಲ್ಲದೆಯೇ ಜಾರಿ ಅಧಿಕಾರಿಗಳು ಬಾಗಿಲಿಗೆ ಬರಬಲ್ಲರು. ಖಾಸಗಿಯದು ಬರೀ ‘ಪಾರ್ಕಿಂಗ್ ಚಾರ್ಜ್’. ಪತ್ರ ಯಾರದು ಎಂಬುದನ್ನು ಮೊದಲು ನೋಡಬೇಕು. ಈ ಪತ್ರದಲ್ಲಿ ನಾನು ಹೇಳುತ್ತಿರುವುದೆಲ್ಲ ಎರಡನೆಯದಕ್ಕೆ, ಅದೂ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ ಅನ್ವಯಿಸುತ್ತದೆ. ಸ್ಕಾಟ್ಲೆಂಡಿನ ಕಾನೂನು ಬೇರೆ.

ಖಾಸಗಿ ಜಾಗದಲ್ಲಿ ಗಾಲಿಗೆ ಬೀಗ ಹಾಕುವ ಪದ್ಧತಿಯನ್ನು 2012ರ ಅಕ್ಟೋಬರ್ 1ರಿಂದ ಅಲ್ಲಿ ನಿಲ್ಲಿಸಿದರು. ಅದೇ ಕಾಯ್ದೆಯ, ಅಂದರೆ 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯ್ದೆಯ, 4ನೆಯ ಅನುಸೂಚಿಯಲ್ಲಿ ಕಂಪನಿಗಳಿಗೆ ಬದಲಿಯಾಗಿ ಒಂದು ಹಕ್ಕು ಕೊಟ್ಟರು: ಕಾರು ಓಡಿಸಿದವರು ಯಾರೆಂದು ಗೊತ್ತಾಗದಿದ್ದರೆ ನೋಂದಣಿಯಲ್ಲಿ ಹೆಸರಿರುವವರನ್ನೇ ಕೇಳಬಹುದು. ಆ ಹೆಸರು-ವಿಳಾಸವನ್ನು ವಾಹನ ನೋಂದಣಿ ಇಲಾಖೆಯೇ ಒಂದಕ್ಕೆ 2.50 ಪೌಂಡ್ ಶುಲ್ಕ ಪಡೆದು ಕಂಪನಿಗಳಿಗೆ ಕೊಡುತ್ತದೆ. ಆದರೆ ಹಕ್ಕಿಗೆ ಕಟ್ಟಳೆಗಳಿವೆ. ಗಾಜಿನ ಮೇಲೆ ಚೀಟಿ ಅಂಟಿಸದೆ ಬರೀ ಕ್ಯಾಮೆರಾ ಹಿಡಿದ ಪ್ರಕರಣದಲ್ಲಿ ನೋಟಿಸು 14 ದಿನದೊಳಗೆ ತಲುಪಬೇಕು. ತಡವಾದರೆ, ಓಡಿಸಿದವರು ಯಾರೆಂದು ಕಂಪನಿಗೆ ಗೊತ್ತಿಲ್ಲದಿದ್ದರೆ, ನೋಂದಣಿದಾರರಿಂದ ವಸೂಲಿ ಮಾಡುವ ಹಕ್ಕು ಬಿದ್ದುಹೋಗುತ್ತದೆ. ಆದ್ದರಿಂದ ಮೊದಲ ನೋಟಿಸಿನ ಲಕೋಟೆಯನ್ನು ಸಹ ಎಸೆಯಬಾರದು.

ಇಂಥ ಚಾರ್ಜು ಕಾನೂನಿನ ಮುಂದೆ ನಿಲ್ಲುವುದೇ ಇಲ್ಲ ಎಂದು ಹೇಳುವವರು ಈಗಲೂ ಇದ್ದಾರೆ. ಅವರು 2015ರ ನವೆಂಬರ್ 4ರ ಬ್ರಿಟನ್ ಸುಪ್ರೀಂ ಕೋರ್ಟ್ ತೀರ್ಪನ್ನು ಓದಬೇಕು. ಚೆಲ್ಮ್ಸ್‌ಫರ್ಡ್ ಊರಿನ ಅಂಗಡಿ ಆವರಣವೊಂದರಲ್ಲಿ 2 ತಾಸಿನ ಪುಕ್ಕಟೆ ಅವಧಿ ಮೀರಿ 56 ನಿಮಿಷ ಹೆಚ್ಚು ನಿಲ್ಲಿಸಿದ ಬೀವಿಸ್ ಎಂಬವರ ಮೇಲೆ ಹಾಕಿದ್ದ 85 ಪೌಂಡ್ ಚಾರ್ಜನ್ನು ಆ ನ್ಯಾಯಾಲಯ ಎತ್ತಿಹಿಡಿಯಿತು. ಫಲಕ ದೊಡ್ಡದಾಗಿ ಸ್ಪಷ್ಟವಾಗಿತ್ತು, ಜಾಗವನ್ನು ಎಲ್ಲರಿಗೂ ತೆರವಾಗಿಡುವ ನ್ಯಾಯವಾದ ಉದ್ದೇಶ ಕಂಪನಿಗಿತ್ತು ಎಂಬುದು ಅದರ ಕಾರಣ. ನನ್ನ ಮಗಳ ಪ್ರಕರಣವೂ ಹೆಚ್ಚು ಕಡಿಮೆ ಇದೇ ಜಾತಿಯದು. ಕಂಪನಿಯಿಂದ ಫೋಟೊ, ನೋಟಿಸಿನ ಪ್ರತಿ ತರಿಸಿ ನೋಡಿದಾಗ ನೋಟಿಸು ಸಕಾಲಕ್ಕೆ ಹೊರಟಿತ್ತು, ತಪ್ಪು ನಮ್ಮದೇ ಇತ್ತು. 14 ದಿನದೊಳಗೆ ಕಟ್ಟಿದ್ದರೆ 60 ಪೌಂಡಿಗೆ ಮುಗಿಯುತ್ತಿತ್ತು. ತಕರಾರಿದ್ದರೆ ಮೊದಲು ಕಂಪನಿಗೆ, ಅದು ಒಪ್ಪದಿದ್ದರೆ ಅದು ಸೇರಿದ ಪಾರ್ಕಿಂಗ್ ಕಂಪನಿಗಳ ಸಂಘಕ್ಕೆ ತಕ್ಕಂತೆ ಪೋಪ್ಲಾ ಅಥವಾ ಐಎಎಸ್ ಎಂಬ ಮೇಲ್ಮನವಿ ವ್ಯವಸ್ಥೆಗೆ ಹೋಗುವ ದಾರಿಯೂ ಆ ಮೊದಲ ವಾರಗಳಲ್ಲಿಯೇ ತೆರೆದಿರುತ್ತದೆ. ವಸೂಲಿ ಪತ್ರ ಬರುವ ಹೊತ್ತಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ.

ಉಳಿದದ್ದು ಮೇಲಿನ 70 ಪೌಂಡ್. ನಾಲ್ಕು ಪತ್ರ ಅಂಚೆಗೆ ಹಾಕಿದ್ದಕ್ಕೆ ಎಂಟು ಸಾವಿರ ರೂಪಾಯಿ ಯಾವ ಲೆಕ್ಕ ಎಂದು ನನಗೆ ಇಂದಿಗೂ ಅರ್ಥವಾಗಿಲ್ಲ. ಅಲ್ಲಿಯ ಸರ್ಕಾರ ಪಾರ್ಕಿಂಗ್ ಕಂಪನಿಗಳಿಗಾಗಿ 2022ರ ಫೆಬ್ರುವರಿಯಲ್ಲಿ ಪ್ರಕಟಿಸಿದ ನಡಾವಳಿ ಸಂಹಿತೆಯೊಂದಿಗೆ ಈ ಹೆಚ್ಚುವರಿ ಶುಲ್ಕವನ್ನು ನಿಲ್ಲಿಸಲು ಹೊರಟಿತ್ತು. ಕಂಪನಿಗಳು ನ್ಯಾಯಾಲಯಕ್ಕೆ ಹೋದ ಕಾರಣ ಅದೇ ವರ್ಷದ ಜೂನ್‌ನಲ್ಲಿ ಸಂಹಿತೆಯನ್ನು ಹಿಂದಕ್ಕೆ ಪಡೆಯಿತು, 2025ರ ಜುಲೈನಲ್ಲಿ ಮತ್ತೆ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಆದರೆ 4ನೆಯ ಅನುಸೂಚಿಯಲ್ಲಿ ಒಂದು ಸಾಲಿದೆ: ನೋಂದಣಿದಾರರಿಂದ ಕೇಳಬಹುದಾದ ಗರಿಷ್ಠ ಮೊತ್ತ ಅವರಿಗೆ ಕಳಿಸಿದ ನೋಟಿಸಿನಲ್ಲಿ ನಮೂದಾದಷ್ಟೇ. ಮಗಳು ವಸೂಲಿ ಸಂಸ್ಥೆಯನ್ನು ಬಿಟ್ಟು ನೇರ ಪಾರ್ಕಿಂಗ್ ಕಂಪನಿಗೆ ಒಂದು ಪುಟದ ಕಾಗದ ಬರೆದು, 100 ಪೌಂಡ್ ಕಟ್ಟಲು ಸಿದ್ಧ, ಮೇಲಿನ 70ಕ್ಕೆ ಈ ಸಾಲಿನ ಆಧಾರದ ಮೇಲೆ ತಕರಾರಿದೆ ಎಂದಳು. ಮೂರು ವಾರಕ್ಕೆ ಒಪ್ಪಿಗೆ ಬಂತು, ಹಣ ಕಟ್ಟಿ ರಸೀದಿ ಪಡೆದಳು. ರಸೀದಿ ಬಂದ ಎಂಟು ದಿನಕ್ಕೆ ವಸೂಲಿ ಸಂಸ್ಥೆಯಿಂದ ಇನ್ನೊಂದು ಕೆಂಪಕ್ಷರದ ಪತ್ರವೂ ಬಂತು; ಅದಕ್ಕೆ ರಸೀದಿಯ ಪ್ರತಿ ಲಗತ್ತಿಸಿ ಉತ್ತರಿಸಿದ ಮೇಲೆ ಸುಮ್ಮನಾದರು.

ಕಸದ ಡಬ್ಬಿಯ ಸಲಹೆ ಏನು ಮಾಡುತ್ತದೆ ಎಂಬುದನ್ನು ಗದಗಿನ ನಮ್ಮ ಸಂಬಂಧಿಕರ ಹುಡುಗನೊಬ್ಬನಲ್ಲಿ ಕಂಡೆ. ಅವನು ಎಲ್ಲ ಪತ್ರಗಳನ್ನೂ ಎಸೆದ, ನಡುವೆ ಮನೆಯನ್ನೂ ಬದಲಿಸಿದ. ದಾವೆ ಹೂಡುವ ಮೊದಲು ಕಳಿಸಲೇಬೇಕಾದ, 30 ದಿನ ಗಡುವಿನ ಪತ್ರ ಹಳೆಯ ಮನೆಗೆ ಹೋಯಿತು. ನಂತರ ನಾರ್ಥಾಂಪ್ಟನ್ನಿನ ನ್ಯಾಯಾಲಯ ಕೇಂದ್ರದಿಂದ ಹೊರಟ ದಾವೆಯ ನಮೂನೆಯೂ ಅಲ್ಲಿಗೇ ಹೋಯಿತು. ಆ ನಮೂನೆ ಜಾರಿಯಾದ 14 ದಿನದೊಳಗೆ ಉತ್ತರ ಕೊಡಬೇಕು. ತಲುಪಿದೆ ಎಂದು ಸ್ವೀಕೃತಿ ಸಲ್ಲಿಸಿದರೆ ಒಟ್ಟು 28 ದಿನ ಸಿಗುತ್ತದೆ. ಕೈಫಿಯತ್ತು, ಅಂದರೆ ಲಿಖಿತ ಉತ್ತರ, ಬರಲಿಲ್ಲ, ನಮ್ಮಲ್ಲಿ ಏಕಪಕ್ಷೀಯ ಡಿಕ್ರಿ ಆಗುವಂತೆ ಅಲ್ಲಿಯೂ ತೀರ್ಪಾಯಿತು. ತೀರ್ಪಾದ ಒಂದು ತಿಂಗಳೊಳಗೆ ಹಣ ಕಟ್ಟಿದ್ದರೆ ಹೆಸರು ತೀರ್ಪುಗಳ ದಾಖಲೆಯಿಂದ ಅಳಿಯುತ್ತಿತ್ತು. ಇಲ್ಲದಿದ್ದರೆ 6 ವರ್ಷ ಅಲ್ಲಿಯೇ ಉಳಿಯುತ್ತದೆ. ಅವನಿಗೆ ಗೊತ್ತಾದದ್ದು ಮನೆ ಸಾಲಕ್ಕೆ ಅರ್ಜಿ ಹಾಕಿ ಬ್ಯಾಂಕು ಇಲ್ಲವೆಂದಾಗ. ತೀರ್ಪು ರದ್ದು ಕೋರುವ ಅರ್ಜಿಗೆ, ನಮ್ಮ ದಿವಾಣಿ ಸಂಹಿತೆಯ ಆದೇಶ 9 ನಿಯಮ 13ರ ಅರ್ಜಿಯಂಥದ್ದು ಅದು, ಅವನು ಕಟ್ಟಿದ ಶುಲ್ಕವೇ ಮೂಲ ಚಾರ್ಜಿಗಿಂತ ಹೆಚ್ಚಾಯಿತು.

ಆದ್ದರಿಂದ ಮಕ್ಕಳು ಅಲ್ಲಿರುವ ತಂದೆ-ತಾಯಿಯರಲ್ಲಿ ನನ್ನ ಕೋರಿಕೆ ಇಷ್ಟು. ಫೋಟೊ ಬಂದ ರಾತ್ರಿಯೇ ರೊಕ್ಕ ಕಳಿಸಬೇಡಿ, ಹರಿದು ಹಾಕೆಂದೂ ಹೇಳಬೇಡಿ. ಪತ್ರ ನಗರಸಭೆಯದೋ ಕಂಪನಿಯದೋ, ವಸೂಲಿ ಸಂಸ್ಥೆಯದೋ ನ್ಯಾಯಾಲಯದ್ದೋ ಎಂದು ಕೇಳಿ, ಮೊದಲ ನೋಟಿಸಿನ ತಾರೀಖು ಹುಡುಕಿಸಿ, ಗೊಂದಲವಿದ್ದರೆ ಸಿಟಿಜನ್ಸ್ ಅಡ್ವೈಸ್ ಅಥವಾ ನ್ಯಾಷನಲ್ ಡೆಟ್‌ಲೈನ್‌ನಲ್ಲಿ ಪುಕ್ಕಟೆ ಸಲಹೆ ಕೇಳಲು ಹೇಳಿ. ಹುಬ್ಬಳ್ಳಿಯ ಹೋಟೆಲುಗಳಲ್ಲಿ ಸಭೆ ನಡೆಸಿ ವಿದ್ಯಾರ್ಥಿಗಳನ್ನು ವಿದೇಶಕ್ಕೆ ಕಳಿಸುವ ಸಂಸ್ಥೆಗಳು ಬಾಡಿಗೆ, ಬ್ಯಾಂಕ್ ಖಾತೆ, ಚಳಿಗಾಲದ ಕೋಟಿನ ಬಗ್ಗೆಯೆಲ್ಲ ಹೇಳುತ್ತವೆ; ಮನೆ ಬದಲಿಸಿದ ದಿನವೇ ಕಾರಿನ ನೋಂದಣಿಯಲ್ಲಿ ವಿಳಾಸ ಬದಲಿಸಬೇಕೆಂಬ ಒಂದು ಮಾತನ್ನೂ ಸೇರಿಸಲಿ. ಅದಕ್ಕೆ ಅಲ್ಲಿ ಶುಲ್ಕವೇ ಇಲ್ಲ. ನನ್ನ ಮಗಳು ಅದನ್ನು ಅಡುಗೆಮನೆಯಲ್ಲಿ ನಿಂತು ಚಹಾ ಕುದಿಯುವಷ್ಟರಲ್ಲಿ ಮೊಬೈಲಿನಲ್ಲಿಯೇ ಮುಗಿಸಿದಳು.

ಇಂತಿ ತಮ್ಮ ಓದುಗ,
ನಿವೃತ್ತ ಶಿರಸ್ತೇದಾರ,
ಸಪ್ತಾಪುರ, ಧಾರವಾಡ