ನಕ್ಷೆ ಮಂಜೂರಾಗುವ ಮೊದಲೇ ವಾರ್ಡ್ ಸಮಿತಿ ಸಭೆ ಸೇರಲಿ

ಮಾನ್ಯ ಸಂಪಾದಕರೇ,

ಕೆಳಗೆ ಅಂಗಡಿ, ಮೇಲೆ ನಾನೂರು ಫ್ಲಾಟ್ ಇರುವ ಸಂಕೀರ್ಣ ತಮ್ಮ ಬೀದಿಗೆ ಬರುತ್ತಿದೆ ಎಂದು ಬೆಂಗಳೂರಿನ ಜನಕ್ಕೆ ಗೊತ್ತಾಗುವುದು ತಗಡಿನ ಬೇಲಿ ಎದ್ದ ಮೇಲೆ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯೇ ಕಟ್ಟಡ ಮತ್ತು ಟೌನ್‌ಶಿಪ್ ಯೋಜನೆಗಳನ್ನು ಸಾರ್ವಜನಿಕ ಅಹವಾಲು ಸಭೆಯಿಂದ ಹೊರಗಿಟ್ಟಿದೆ. ಭೂಬಳಕೆ ಬದಲಾವಣೆ ಬೇಕಿದ್ದರೆ ಮಾತ್ರ, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಪ್ರಕರಣದಂತೆ, ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಜಾಗ ಮೊದಲೇ ಸರಿಯಾದ ವಲಯದಲ್ಲಿದ್ದರೆ ಅದೂ ಇಲ್ಲ. ಜಲಮಂಡಳಿ ನೀರು ನೋಡುತ್ತದೆ, ಅಗ್ನಿಶಾಮಕ ಇಲಾಖೆ ಮೆಟ್ಟಿಲು ನೋಡುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿ ಕೊಳಚೆ ನೀರು ಶುದ್ಧೀಕರಿಸುವ ಘಟಕ, ಅಂದರೆ ಎಸ್‌ಟಿಪಿ ನೋಡುತ್ತದೆ. ಎಲ್ಲ ಹಾಳೆಗಳನ್ನೂ ಒಂದೇ ಮೇಜಿನ ಮೇಲೆ ಹರಡಿ, ಆ ಬೀದಿಗೆ ಇದು ಹೊಂದುತ್ತದೆಯೇ ಎಂದು ಕೇಳುವವರಿಲ್ಲ. ಆ ಕೆಲಸ ವಾರ್ಡ್ ಸಮಿತಿಯದಾಗಬೇಕು, ಅದೂ ನಕ್ಷೆ ಮಂಜೂರಾಗುವ ಮೊದಲೇ.

ಸಮಿತಿ ಮೊದಲು ನೋಡಬೇಕಾದದ್ದು ವಿಸ್ತೀರ್ಣ. 20,000 ಚದರ ಮೀಟರ್ ಮುಟ್ಟಿದರೆ ಪರಿಸರ ಅನುಮತಿ ಕಡ್ಡಾಯ. 2011ರ ತಿದ್ದುಪಡಿಯ ಪ್ರಕಾರ ಈ ಲೆಕ್ಕಕ್ಕೆ ನೆಲಮಾಳಿಗೆಯೂ ಸೇರುತ್ತದೆ. ಎಫ್‌ಎಆರ್ (ನಿವೇಶನದ ಅಳತೆಯ ಎಷ್ಟು ಪಟ್ಟು ಕಟ್ಟಬಹುದೆಂಬ ಅನುಪಾತ) ಲೆಕ್ಕದಲ್ಲಿ ಪಾರ್ಕಿಂಗ್ ಜಾಗ ಬಿಟ್ಟುಹೋಗುತ್ತದೆ. ಎಫ್‌ಎಆರ್ ಹಾಳೆಯಲ್ಲಿ 14,000 ಎಂದಿದ್ದು, ತಲಾ 3,500 ಚದರ ಮೀಟರಿನ ಎರಡು ನೆಲಮಾಳಿಗೆಗಳಿದ್ದರೆ ನಿಜವಾದ ವಿಸ್ತೀರ್ಣ 21,000. ಎರಡು ಹಾಳೆ ಅಕ್ಕಪಕ್ಕ ಇಟ್ಟರೆ ಐದೇ ನಿಮಿಷದಲ್ಲಿ ತಿಳಿಯುವ ಸಂಗತಿ ಇದು.

ರಸ್ತೆಯ ಅಗಲವನ್ನು ಟೇಪ್ ಹಿಡಿದೇ ಅಳೆಯಬೇಕು. ಎಫ್‌ಎಆರ್ ನಿಂತಿರುವುದೇ ಅದರ ಮೇಲೆ. ನಿವೇಶನದ ಎದುರು ಮಾತ್ರ ಅಳೆದರೆ ಸಾಲದು, ಮುಖ್ಯರಸ್ತೆ ಸೇರುವವರೆಗಿನ ಅತಿ ಕಿರಿದಾದ ಜಾಗದಲ್ಲೂ ಅಳೆಯಬೇಕು. ಗೇಟಿನಿಂದ ನೆಲಮಾಳಿಗೆಗೆ ಇಳಿಯುವ ರ‍್ಯಾಂಪಿಗೆ ಎಷ್ಟು ದೂರ ಎಂಬುದೂ ಮುಖ್ಯ. ಸಾಲಿನಲ್ಲಿ ನಿಲ್ಲುವ ಒಂದು ಕಾರಿಗೆ ಸುಮಾರು 6 ಮೀಟರ್ ಬೇಕು, ಹತ್ತು ಕಾರು ನಿಂತರೆ 60 ಮೀಟರ್. ಒಳಗೆ ಜಾಗವಿಲ್ಲದಿದ್ದರೆ ಆ ಸಾಲು ಬೀದಿಗೇ ಬರುತ್ತದೆ. ಅಂಗಡಿಗೆ ಸರಕು ತರುವ ಟೆಂಪೊಗಳೂ ಅಲ್ಲೇ ನಿಲ್ಲುತ್ತವೆ.

ಪಕ್ಕದಲ್ಲಿ ರಾಜಕಾಲುವೆ ಇದ್ದರೆ ಗ್ರಾಮನಕ್ಷೆಯನ್ನೂ ಸರ್ವೆ ನಂಬರ್ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪನ್ನೂ ತಾಳೆ ಹಾಕಿ, ಬಿ ಖರಾಬು (ಕಾಲುವೆ, ದಾರಿಯಂಥ ಸಾರ್ವಜನಿಕ ಬಳಕೆಯ ಜಾಗ) ಎಷ್ಟಿದೆ ನೋಡಿ. ಹಸಿರು ನ್ಯಾಯಮಂಡಳಿ 2016ರಲ್ಲಿ ವಿಧಿಸಿದ್ದ ಹೆಚ್ಚಿನ ಬಫರನ್ನು (ಕಾಲುವೆ ಪಕ್ಕ ಕಟ್ಟದೆ ಬಿಡಬೇಕಾದ ಜಾಗವನ್ನು) ಸುಪ್ರೀಂ ಕೋರ್ಟ್ 2019ರಲ್ಲಿ ರದ್ದು ಮಾಡಿತು. ಹಾಗಾಗಿ ಪರಿಷ್ಕೃತ ಮಹಾಯೋಜನೆ–2015ರಂತೆ ಕಾಲುವೆಯ ದರ್ಜೆಗೆ ತಕ್ಕಂತೆ ಬಿಡಬೇಕಾದ 50, 25, 15 ಮೀಟರೂ ಒತ್ತುವರಿಯಾದರೆ ನೀರಿಗೆ ದಾರಿಯೇ ಇರುವುದಿಲ್ಲ.

ಇನ್ನು ನೀರು. ತಲೆಗೆ ದಿನಕ್ಕೆ 135 ಲೀಟರ್, ಮನೆಗೆ ಐವರು ಎಂಬುದು ಅರ್ಜಿಗಳಲ್ಲಿ ವಾಡಿಕೆಯ ಲೆಕ್ಕ. ನಾನೂರು ಮನೆಗೆ 2.7 ಲಕ್ಷ ಲೀಟರ್ ಆಯಿತು. ಇದರಲ್ಲಿ ಫ್ಲಶ್‌ಗೆ ಬೇಕಾದ 90 ಸಾವಿರ ಲೀಟರನ್ನು ಎಸ್‌ಟಿಪಿ ಒದಗಿಸಿದರೂ ಹೊಸ ನೀರು 1.8 ಲಕ್ಷ ಲೀಟರ್ ಬೇಕು. ಕಾವೇರಿ ನೀರು ಬರದ ದಿನ 12,000 ಲೀಟರಿನ 15 ಟ್ಯಾಂಕರ್ ಅದೇ ಕಿರಿದಾದ ರಸ್ತೆಯಲ್ಲಿ ಬಂದು ಹೋಗಬೇಕು. ಸಂಸ್ಕರಿಸಿದ ಮೇಲೆ ಉಳಿಯುವ ಹೆಚ್ಚುವರಿ ನೀರು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ‘ತೋಟಕ್ಕೆ’ ಎಂಬ ಉತ್ತರ ಬಂದರೆ ತೋಟದ ಅಳತೆ ಕೇಳಿ.

ಅಂಗಡಿ–ಮನೆ ಒಟ್ಟಿಗಿರುವಲ್ಲಿ ಮೊದಲು ಕೈಕೊಡುವುದೇ ಎಸ್‌ಟಿಪಿ. ನೆಲಮಹಡಿಗೆ ಹೋಟೆಲ್ ಬರುತ್ತದೆ, ಅದರ ಎಣ್ಣೆ–ಜಿಡ್ಡು ಮನೆಗಳ ಕೊಳಚೆಯ ಜೊತೆ ಒಂದೇ ತೊಟ್ಟಿಗೆ ಇಳಿಯುತ್ತದೆ. ನೀರಿನ ಮೇಲೆ ಜಿಡ್ಡಿನ ಪದರ ಕಟ್ಟಿಕೊಂಡು ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಸಿಗುವುದಿಲ್ಲ. ನೊರೆ ಏಳುತ್ತದೆ, ನೆಲಮಾಳಿಗೆಯಿಂದ ಲಿಫ್ಟ್ ಬಾವಿಯ ಮೂಲಕ ವಾಸನೆ ಮೇಲೇರುತ್ತದೆ. ಪ್ರತಿ ಅಡುಗೆಮನೆಗೂ ಜಿಡ್ಡನ್ನು ತಡೆದು ಹಿಡಿಯುವ ಪ್ರತ್ಯೇಕ ಗ್ರೀಸ್ ಟ್ರ್ಯಾಪ್ ನಕ್ಷೆಯಲ್ಲೇ ಇರಬೇಕು. ಹೊಗೆ ಕೊಳವೆ ಮಾಳಿಗೆವರೆಗೆ ಹೋಗಲು ಶಾಫ್ಟೂ ಬೇಕು, ಇಲ್ಲವಾದರೆ ಮುಂದೆ ಯಾರದೋ ಬಾಲ್ಕನಿ ಪಕ್ಕದಲ್ಲೇ ತಗಡಿನ ಕೊಳವೆ ಏರುತ್ತದೆ. ಜನರೇಟರಿಗೂ ಲೆಕ್ಕವಿದೆ. ಅದರ ಸಾಮರ್ಥ್ಯದ (ಕೆವಿಎ) ವರ್ಗಮೂಲದ 0.2 ಪಟ್ಟು ಮೀಟರ್, ಅಂದರೆ 500 ಕೆವಿಎಗೆ ಸುಮಾರು 4.5 ಮೀಟರ್, ಕಟ್ಟಡಕ್ಕಿಂತ ಮೇಲೆ ಚಿಮಣಿ ಇರಬೇಕು.

ಹಂತ ಹಂತವಾಗಿ ಕಟ್ಟುವಾಗ ಅಂಗಡಿಗಳು ಮೊದಲು ಮುಗಿಯುತ್ತವೆ, ಎಸ್‌ಟಿಪಿ ಕೊನೆಗೆ. ಎಸ್‌ಟಿಪಿ ನಡೆಯದೆ ಭಾಗಶಃ ಒಸಿ (ಕಟ್ಟಡ ಬಳಸಲು ಕೊಡುವ ಅನುಮತಿ ಪತ್ರ) ಕೊಡಬಾರದು ಎಂಬ ಷರತ್ತು ಮಂಜೂರಾತಿ ಪತ್ರದಲ್ಲೇ ಇರಬೇಕು.

ನಿವಾಸಿಗಳು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಪರಿಸರ ಅನುಮತಿಯ ಅರ್ಜಿಯನ್ನೂ ಅದನ್ನು ಪರಿಶೀಲಿಸುವ ತಜ್ಞರ ಸಮಿತಿಯ ನಡಾವಳಿಯನ್ನೂ ನೋಡಬಹುದು, ಆದರೆ ಅಲ್ಲಿರುವುದು ಇಂಗ್ಲಿಷ್. ಕನ್ನಡದಲ್ಲಿ ಎರಡು ಪುಟದ ಸಾರಾಂಶ ಮತ್ತು ನಕ್ಷೆಯನ್ನು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸುವುದು ಪಾಲಿಕೆಗಳಿಗೆ ದೊಡ್ಡ ಖರ್ಚಿನ ಕೆಲಸವೇ? ಪರಿಸರ ಅನುಮತಿಯ ವಿರುದ್ಧ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹೋಗಲು 30 ದಿನ, ಸಕಾರಣವಿದ್ದರೆ ಮತ್ತೆ 60 ದಿನ ಸಿಗುತ್ತದೆ. ಮಾಹಿತಿ ಹಕ್ಕಿನ ಉತ್ತರಕ್ಕೂ 30 ದಿನ ಬೇಕು. ಉತ್ತರ ಬರಲಿ ಎಂದು ಕಾದು ಕೂತರೆ ಮೊದಲ ಅವಧಿ ಅದರಲ್ಲೇ ಮುಗಿಯುತ್ತದೆ.

– ಕೆಲವು ನಿವಾಸಿಗಳು, ಬೆಂಗಳೂರು